ಹೊಸ ಮಟ್ಟು, ಹಳೆಯ ಹೆಸರು: ಸ್ಕಾಟಿಷ್ ಧಾಟಿಗಳು ಹುಟ್ಟುವ ಬಗೆ

ಮೊನ್ನೆ ಮೊನ್ನೆ ಕಟ್ಟಿದ ಮಟ್ಟನ್ನು ‘ಸಾಂಪ್ರದಾಯಿಕ’ ಎನ್ನಬಹುದೇ? ಸ್ಕಾಟ್ಲೆಂಡಿನಲ್ಲಿ ಹಳೆಯವೆಂದೇ ನುಡಿಸುವ ಎಷ್ಟೋ ಮಟ್ಟುಗಳಿಗೆ ಕಟ್ಟಿದವರ ಹೆಸರು ಗೊತ್ತಿದೆ. ತೊಡಕಿರುವುದು ಅವಕ್ಕೆ ಸ್ಫೂರ್ತಿ ಯಾವುದು ಎಂಬಲ್ಲಿ.

18ನೇ ಶತಮಾನದಲ್ಲಿ ಪಿಟೀಲುಗಾರನ ಅನ್ನ ಜಮೀನ್ದಾರನ ಕೈಲಿತ್ತು. ವಿಲಿಯಂ ಮಾರ್ಷಲ್ ಗಾರ್ಡನ್ ಡ್ಯೂಕನ ಮನೆಯಲ್ಲಿ ಬಟ್ಲರ್. ಅವನ ಮಟ್ಟುಗಳಿಗೆ ಆ ಮನೆತನದವರ, ಬಂದು ಹೋಗುವವರ ಹೆಸರುಗಳು. ಅದು ಋಣ ಸಂದಾಯ, ಸ್ಫೂರ್ತಿಯೇನಲ್ಲ. ಆಮೇಲೆ ದಂಡಿನಲ್ಲಿ ಬ್ಯಾಗ್‌ಪೈಪ್ ಎಂಬ ಚೀಲದ ಕೊಳಲು ಊದುವ ಪೈಪರ್‌ಗಳು ಕದನ, ಕೋಟೆ, ಬೀಳ್ಕೊಡುಗೆಗಳನ್ನು ಹೆಸರಿಗೆ ತಂದರು. ಕ್ರಿಮಿಯಾ ಯುದ್ಧದಲ್ಲಿ ಜಾನ್ ಮೆಕ್ಲಿಯಡ್ ಎಂಬ ಪೈಪರ್ ಸಾರ್ಡೀನಿಯಾದ ಬ್ಯಾಂಡಿನಿಂದ ಕೇಳಿದ, ಇಟಲಿಯ ಸಂಗೀತಕಾರ ರೊಸ್ಸೀನಿಯ ಆಪೆರಾ ಧಾಟಿಯನ್ನೇ ‘ಗ್ರೀನ್ ಹಿಲ್ಸ್ ಆಫ್ ಟೈರೋಲ್’ ಮಾಡಿಕೊಂಡ. ಇಂದು ಅದಕ್ಕಿಂತ ಸ್ಕಾಟಿಷ್ ಎನಿಸುವ ಮಟ್ಟು ಅಪರೂಪ!

ಹಾಗೆ ಒಗ್ಗಿಸುವುದು ವಾದ್ಯ. ಬ್ಯಾಗ್‌ಪೈಪಿನಲ್ಲಿ ಇರುವುದೇ 9 ಸ್ವರ: ಕೆಳಗೊಂದು ನಿಷಾದ, ಅಲ್ಲಿಂದ ತಾರಷಡ್ಜದವರೆಗೆ ಹೆಚ್ಚುಕಡಿಮೆ ನಮ್ಮ ಹರಿಕಾಂಭೋಜಿ. ಹಿಂದೆ ಶ್ರುತಿಪೆಟ್ಟಿಗೆಯಂತೆ ಷಡ್ಜ ಮೊಳಗುತ್ತಲೇ ಇರುತ್ತದೆ. ಚೀಲ ತುಂಬಿದ ಮೇಲೆ ನಾದ ನಿಲ್ಲದು, ಜೋರು ಮೆಲು ಎಂಬುದೂ ಇಲ್ಲ. ಒಂದೇ ಸ್ವರ ಎರಡು ಸಲ ಬೇಕಾದರೆ ನಡುವೆ ಚುಟುಕು ಸ್ವರವೊಂದನ್ನು ತೂರಿಸಬೇಕು. ಇರುವ ಸ್ವರ ಇಷ್ಟೇ ಆದ್ದರಿಂದ ಷಡ್ಜದ ಮೇಲಿನ ಪಲುಕನ್ನೇ ಒಂದು ಮೆಟ್ಟಿಲು ಇಳಿಸಿ ನಿಷಾದದ ಮೇಲೆ ಮರಳಿಸುವ ಜಾಣತನ ಬೆಳೆಯಿತು. ಕುಣಿತದ ಮಟ್ಟಾದರೆ 8 ಬಾರಿನ (ಬಾರು ಎಂದರೆ ನಮ್ಮ ತಾಳದ ಆವರ್ತದಂಥ ಅಳತೆ) ಎರಡು ಭಾಗ, ಎರಡೆರಡು ಸಲ, ಒಟ್ಟು 32 ಬಾರು. ಎರಡನೆಯ ಭಾಗ ಸಾಮಾನ್ಯವಾಗಿ ಮೇಲಕ್ಕೇರುತ್ತದೆ. ಸ್ಟ್ರಾತ್‌ಸ್ಪೇ ಎಂಬ ಕುಣಿತದ ಮಟ್ಟಿಗೆ ಗಿಡ್ಡ ಸ್ವರ ಮುಂದೆ, ಉದ್ದದ್ದು ಹಿಂದೆ ಬರುವ ಆ ಝಟಕಾ ಬೇಕೇ ಬೇಕು. ಹೊಸಬರು ಎಡವುವುದು ಇಲ್ಲೇ. ಪಿಟೀಲಿನಲ್ಲಿ ಎರಡು ಸ್ಥಾಯಿ ಓಡಾಡಿ ಬರೆಯುತ್ತಾರೆ, ಪೈಪಿಗೆ ಅದು ಕೂರುವುದಿಲ್ಲ. ಒಂದೇ ಮಟ್ಟಿಗೆ ನಾಲ್ಕು ಮಟ್ಟಿನ ಸರಕು ತುರುಕುತ್ತಾರೆ, ಕೇಳಿದವನ ನಾಲಗೆಯ ಮೇಲೆ ಏನೂ ಉಳಿಯುವುದಿಲ್ಲ.

20ನೇ ಶತಮಾನದ ಉತ್ತರಾರ್ಧದಲ್ಲಿ ಹೆಸರುಗಳು ಊರಿಗೆ ಇಳಿದವು. 1969ರ ಜನವರಿಯ ಒಂದು ರಾತ್ರಿ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳ ಪಿಟೀಲುಗಾರ ಟಾಮ್ ಆಂಡರ್ಸನ್ ತನ್ನ ಹುಟ್ಟೂರು ಎಷನೆಸ್ಸಿನಿಂದ ಹೊರಟು ದಿಣ್ಣೆಯ ಮೇಲಿಂದ ತಿರುಗಿ ನೋಡಿದರು. ಬಾಲ್ಯದಲ್ಲಿ ಕಂಡಷ್ಟು ದೀಪಗಳಿಲ್ಲ. ಇದ್ದವೂ ಒಂದೊಂದಾಗಿ ಆರುತ್ತಿದ್ದವು. ಹೆಂಡತಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ‘ಡಾ ಸ್ಲಾಕಿಟ್ ಲೈಟ್’, ಆರಿದ ದೀಪ, ಹುಟ್ಟಿದ್ದು ಹೀಗೆ. ನಿಧಾನದ ಆ ಮಟ್ಟಿನಲ್ಲಿ ಅಳುವಿಲ್ಲ, ಹೊರಟುಬಿಟ್ಟವನ ನಡಿಗೆಯಿದೆ. ರಾಸೇ ದ್ವೀಪದಲ್ಲಿ ಕ್ಯಾಲಮ್ ಮೆಕ್ಲಿಯಡ್, ರಸ್ತೆಗಾಗಿ ಬೇಡಿ ಬೇಡಿ ಸಾಕಾಗಿ, ಗುದ್ದಲಿ, ಸಲಿಕೆ, ಕೈಗಾಡಿ ಹಿಡಿದು ಸುಮಾರು 10 ವರ್ಷದಲ್ಲಿ 2.8 ಕಿಲೋಮೀಟರ್ ತಾವೇ ಕಡಿದರು. ಕೇಪರ್‌ಕೇಲಿ ಸಂಗೀತ ತಂಡದ ಡೊನಾಲ್ಡ್ ಶಾ ಅದನ್ನು ‘ಕ್ಯಾಲಮ್ಸ್ ರೋಡ್’ ಎಂಬ ಮಟ್ಟಾಗಿಸಿದರು. ಡ್ಯೂಕನಿಗೆ ಸಲ್ಲುತ್ತಿದ್ದ ಮರ್ಯಾದೆ ಗುದ್ದಲಿಗೆ ಸಂದದ್ದು ತಡವಾಯಿತಷ್ಟೆ.

ಸ್ಕಾಟ್ಲೆಂಡಿನ ಮಣ್ಣೇ ಬೇಕೆಂದೂ ಇಲ್ಲ. ‘ಅಶೋಕನ್ ಫೇರ್‌ವೆಲ್’ ಅನ್ನು 1982ರಲ್ಲಿ ಸ್ಕಾಟಿಷ್ ಶೋಕಧಾಟಿಯಲ್ಲಿ ಕಟ್ಟಿದವರು ನ್ಯೂಯಾರ್ಕಿನ ಜೇ ಉಂಗರ್; ಸಂಗೀತ ಶಿಬಿರ ಮುಗಿದ ಬೇಸರ ಕಾರಣ. 1990ರಲ್ಲಿ ಅಮೆರಿಕದ ಅಂತರ್ಯುದ್ಧದ ಸಾಕ್ಷ್ಯಚಿತ್ರದಲ್ಲಿ ಕೇಳಿದ ಅನೇಕರು ಆ ಯುದ್ಧದ ಕಾಲದ್ದೇ ಎಂದುಕೊಂಡರು. ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಆದರೆ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಯಾರಾದರೂ ‘ಸಾಂಪ್ರದಾಯಿಕ’ ಎಂದು ಬರೆದುಬಿಟ್ಟರೆ ರಾಯಲ್ಟಿ ಕೈಗೆ ಬರುವುದು ಕಷ್ಟ.