ಹೆಡ್‌ಲೈಟ್ ಮಿಣುಕಿದರೆ ಮೊದಲು ಅರ್ತ್ ವೈರ್ ನೋಡಿ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ಕಾರವಾರದ ನಮ್ಮ ಶೆಡ್ಡಿಗೆ ಒಂದೇ ದೂರು ಜಾಸ್ತಿ ಬರುತ್ತದೆ. "ಹೆಡ್‌ಲೈಟ್ ಮಿಣುಕ್ತಾ ಇದೆ, ಬಲ್ಬ್ ಬದಲಿಸಿ ಕೊಡಿ." ಬಲ್ಬ್ ಬದಲಿಸುವುದು ಐದು ನಿಮಿಷದ ಕೆಲಸ. ಆದರೆ ಹೆಚ್ಚಿನ ಸಲ ತಪ್ಪು ಬಲ್ಬಿನದಲ್ಲ. ಹ್ಯಾಲೊಜನ್ ಬಲ್ಬಿನ ತಂತಿ ಕಡಿದರೆ ಸಾಮಾನ್ಯವಾಗಿ ಪೂರ್ತಿ ಆರಿಯೇ ಹೋಗುತ್ತದೆ. ಮಿಣುಕುತ್ತಾ ಉರಿಯುತ್ತಿದೆ ಅಂದರೆ ಕರೆಂಟ್ ದಾರಿಯಲ್ಲಿ ಎಲ್ಲೋ ತಡೆದು ತಡೆದು ಬರುತ್ತಿದೆ.

ಕಳೆದ ಮಳೆಗಾಲದಲ್ಲಿ ಶಿರಸಿಯವರೊಬ್ಬರು ಕಾರು ತಂದರು. ಕೆಲಸ ಕಾರವಾರದಲ್ಲಿ, ಕಾರು ನಿಲ್ಲಿಸುವುದು ಕಡಲಿನ ಪಕ್ಕ, ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಊರಿಗೆ ಹೋಗುತ್ತಾರೆ. ಬೇರೆ ಕಡೆ ಎರಡು ಸಲ ಬಲ್ಬ್ ಹಾಕಿಸಿದ್ದರು, ಆಮೇಲೆ ಎಲ್‌ಇಡಿಯನ್ನೂ ಹಾಕಿಸಿದ್ದರು. "ಮೊದಲಿಗಿಂತ ಜಾಸ್ತಿ ಆಯ್ತು ಮಾರಾಯ್ರೆ, ಮಂಜಿನಲ್ಲಿ ಒಂದು ತಿರುವಲ್ಲಿ ಲೈಟು ಹೋಗೇಬಿಡ್ತು" ಅಂದರು. ಹಿಂದಿನ ಸೀಟಲ್ಲಿ ಮಕ್ಕಳಿದ್ದರಂತೆ. ಅದು ಕೇಳಿ ನನಗೂ ಎದೆ ಝಲ್ ಅಂತು.

ನಾನು ಕೇಳುವ ಮೊದಲ ಪ್ರಶ್ನೆ ಇದು: ಒಂದೇ ಲೈಟಾ, ಎರಡೂ ಒಟ್ಟಿಗಾ? ಒಂದೇ ಆದರೆ ಆ ಬದಿಯ ಹೋಲ್ಡರ್, ಕಪ್ಲರ್ (ವೈರು ಬಲ್ಬಿಗೆ ಸೇರುವ ಪ್ಲಗ್), ಅರ್ತ್ (ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ನೋಡಬೇಕು. ಎರಡೂ ಒಟ್ಟಿಗೆ ಆದರೆ ಬ್ಯಾಟರಿ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವುದು), ರಿಲೇ (ಸ್ವಿಚ್ ಒತ್ತಿದಾಗ ಲೈಟಿಗೆ ಕರೆಂಟ್ ಬಿಡುವ ಸಣ್ಣ ಡಬ್ಬಿ), ಸ್ವಿಚ್ಚಿನ ಕಡೆ ಹೋಗಬೇಕು. ಇವರದು ಎಡಗಡೆಯದು ಮಾತ್ರ, ಅದೂ ಗುಂಡಿಗೆ ಬಿದ್ದಾಗ ಜಾಸ್ತಿ.

ಎಲ್‌ಇಡಿ ಬಿಚ್ಚಿ ಹಳೆಯ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬನ್ನೇ ಹಾಕಿದೆ. ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ ಅಳತೆಯಲ್ಲಿ ದೋಷ ಪೂರ್ತಿ ಕಾಣುವುದಿಲ್ಲ. ಎಂಜಿನ್ ಚಾಲು, ಲೈಟ್ ಆನ್. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಪ್ಲರಿನ ಹಿಂದಿನಿಂದ ಬಲ್ಬಿನ ಅರ್ತ್ ಪಿನ್ನಿಗೆ. ಇಲ್ಲಿ 0.2 ವೋಲ್ಟಿನ ಒಳಗಿದ್ದರೆ ಅರ್ತ್ ಚೆನ್ನಾಗಿದೆ. ಇವರದು 1.8 ತೋರಿಸುತ್ತಿತ್ತು, ಬಾನೆಟ್ ಮೇಲೆ ಕೈಯಿಂದ ತಟ್ಟಿದರೆ ಅಂಕಿ ಕುಣಿಯುತ್ತಿತ್ತು. 55 ವ್ಯಾಟಿನ ಬಲ್ಬ್ ನಾಲ್ಕೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ, ಹಾಗಾಗಿ ಅರ್ಧ ಓಮ್‌ನಷ್ಟು ಕೊಳೆ ಕೂತರೂ ಎರಡು ವೋಲ್ಟ್ ಅಲ್ಲೇ ತಿಂದುಹೋಗುತ್ತದೆ, ರಸ್ತೆಗೆ ಬೀಳುವ ಬೆಳಕು ಅರ್ಧದ ಹತ್ತಿರಕ್ಕೆ ಇಳಿದುಬಿಡುತ್ತದೆ.

ಹೆಡ್‌ಲೈಟಿನ ಹಿಂದೆ, ಬ್ಯಾಟರಿ ತಟ್ಟೆಯ ಕೆಳಗೆ, ಅರ್ತ್ ಬೋಲ್ಟ್ ಇತ್ತು. ಬಿಚ್ಚಿದೆ. ವೈರಿನ ತುದಿಯ ರಿಂಗಿನ ಸುತ್ತ ಹಸಿರು ಕಿಲುಬು ಹುಡಿ ಹುಡಿಯಾಗಿ ಉದುರಿತು, ಅದರ ಕೆಳಗೆ ಬಾಡಿಯ ತಗಡು ತುಕ್ಕು ಹಿಡಿದಿತ್ತು. ಇದು ನಮ್ಮ ಉಪ್ಪು ಗಾಳಿಯ ಕೆಲಸ. ಉಪ್ಪು ತೇವ ಹಿಡಿದಿಡುತ್ತದೆ, ತೇವ ಆರದಿದ್ದರೆ ತಾಮ್ರ ತಿನ್ನುತ್ತಲೇ ಇರುತ್ತದೆ. ಬೈತಖೋಲ ಬಂದರಿನ ಕಡೆ ಮೀನಿನ ಗಾಡಿಗಳಿಂದ ಸೋರಿದ ನೀರು ಚಿಮ್ಮಿದರಂತೂ ಕೇಳುವುದೇ ಬೇಡ. ರಿಂಗ್ ಉಜ್ಜಿ ಮತ್ತೆ ಬಿಗಿದರೆ ಸಾಲದು. ವೈರಿನ ಸಿಪ್ಪೆ ಸುಲಿದು ನೋಡಿದರೆ ಎರಡು ಇಂಚು ಒಳಗಿನವರೆಗೂ ತಾಮ್ರ ಕರ್ರಗಾಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ವೈರ್ ಜೋಡಿಸಿ, ಹೊಸ ರಿಂಗ್ ಒತ್ತಿದೆ. ತಗಡನ್ನು ಬೆಳ್ಳಗಾಗುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿದೆ. ವ್ಯಾಸಲಿನ್ ಸವರಿದ್ದು ಬಿಗಿದ ಮೇಲೆ, ಹೊರಗಿನಿಂದ. ಮೀಟರ್ 0.1ಕ್ಕೆ ಇಳಿಯಿತು.

ಒಂದು ಮಾತು ಹೇಳಲೇಬೇಕು. ಕರೆಂಟ್ ಬರುತ್ತಿದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪಿನ ಸೂಜಿಯನ್ನು ವೈರಿನ ಸಿಪ್ಪೆಗೆ ಚುಚ್ಚಿ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಸಣ್ಣ ತೂತಿನಿಂದ ಉಪ್ಪು ನೀರು ಒಳಗೆ ಹೋಗಿ, ಮುಂದಿನ ಮಳೆಗಾಲದ ಹೊತ್ತಿಗೆ ಅಲ್ಲೇ ವೈರ್ ಕೊಳೆಯುತ್ತದೆ. ಕರಾವಳಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ, ಯಾರಾದರೂ ಮಾಡುತ್ತಿದ್ದರೆ ತಡೆಯಿರಿ.

ಎರಡೂ ಲೈಟ್ ಒಟ್ಟಿಗೆ ಮಿಣುಕಿದರೆ ಬ್ಯಾಟರಿ ಟರ್ಮಿನಲ್ ಕೈಯಿಂದ ಅಲ್ಲಾಡಿಸಿ ನೋಡಿ, ತಿರುಗಲೇಬಾರದು. ಬಿಚ್ಚಬೇಕಾದರೆ ಮೈನಸ್ ಮೊದಲು. ಎಂಜಿನ್ ಬಂದ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು, ಚಾಲು ಇದ್ದಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.4. ಆಕ್ಸಿಲರೇಟರ್ ಒತ್ತಿದಾಗ ಬೆಳಕು ಏರಿ, ಬಿಟ್ಟಾಗ ಇಳಿದರೆ ಬೆಲ್ಟ್ ಸಡಿಲವೋ ಆಲ್ಟರ್ನೇಟರಿನ ಬ್ರಷ್ ಸವೆದಿದೆಯೋ ನೋಡಬೇಕು. ಇನ್ನು ರಿಲೇ. ಮಿಣುಕುವಾಗ ಅದರ ಮೇಲೆ ಬೆರಳಿಟ್ಟು ನೋಡಿ, ಟಕ್ ಟಕ್ ಅನ್ನುತ್ತಿದ್ದರೆ ರಿಲೇಯನ್ನೂ ಅದಕ್ಕೆ ಬರುವ ಸ್ವಿಚ್ಚನ್ನೂ ನೋಡಬೇಕು.

ಬೆಳಕು ಸಾಲದು ಅಂತ 100/90 ವ್ಯಾಟಿನ ಬಲ್ಬ್ ಹಾಕಿಸಿದವರ ಕಾರಿನಲ್ಲಿ ಹೋಲ್ಡರ್ ಕರಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಸರಿ ಮಾಡಲು ಬರುವುದಿಲ್ಲ, ಹೊಸದೇ ಬೇಕು. ಎಲ್‌ಇಡಿ ವಿಷಯದಲ್ಲೂ ನನ್ನ ಅಭಿಪ್ರಾಯ ಖಚಿತ: ಹ್ಯಾಲೊಜನ್‌ಗೆಂದು ಮಾಡಿದ ಲೈಟಿನೊಳಗೆ ಅದನ್ನು ತುರುಕಿದರೆ ಬೆಳಕು ಚದುರಿ ಎದುರಿನ ಬೈಕಿನವನ ಕಣ್ಣಿಗೆ ಹೊಡೆಯುತ್ತದೆ, ಮಂಜಿನಲ್ಲಿ ನಿಮಗೂ ಬಿಳಿ ಗೋಡೆ ಕಂಡ ಹಾಗೆ ಆಗುತ್ತದೆ. ಕೆಲವು ಹೊಸ ಕಾರುಗಳ ಕಂಪ್ಯೂಟರ್ ಬಲ್ಬಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕಳಿಸುತ್ತದೆ, ಅಲ್ಲಿ ದೋಷವೇ ಇಲ್ಲದೆ ಎಲ್‌ಇಡಿ ಮಿಣುಕುತ್ತದೆ.

ಶಿರಸಿಯವರ ಕಾರಿಗೆ ಆವತ್ತು ಹಾಕಿದ್ದು ಒಂದು ರಿಂಗ್, ಒಂದಡಿ ವೈರ್. ಹೊರಡುವ ಆತುರದಲ್ಲಿದ್ದರು, ಹತ್ತು ನಿಮಿಷ ಕೂರಿಸಿಕೊಂಡು ಬಲಗಡೆಯ ಬೋಲ್ಟನ್ನೂ ಬಿಚ್ಚಿದೆ. ಅಲ್ಲೂ ರಿಂಗಿನ ಅಂಚಿಗೆ ಹಸಿರು ಬಂದಿತ್ತು.