ಮೂರು ಡಾಕ್ಟರು, ಹನ್ನೊಂದು ಮಾತ್ರೆ: ಅಮ್ಮನನ್ನು ಒಬ್ಬರೇ ನೋಡಿದರೆ ಸಾಲದೇ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಬಿಪಿ, ಶುಗರ್ ಎರಡೂ ಹನ್ನೆರಡು ವರ್ಷದಿಂದ ಇವೆ. ಮಂಡಿನೋವು ಜೋರು. ಈಚೆಗೆ ಪಾದ ಊದಿಕೊಳ್ಳುತ್ತಿದೆ, ಅಂಗಾಲು ಜುಮ್ಮೆನ್ನುತ್ತದೆ ಅನ್ನುತ್ತಾರೆ. ಶುಗರಿಗೆ ಕೋಲಾರದಲ್ಲಿ ಒಬ್ಬ ಡಾಕ್ಟರು, ಹಾರ್ಟಿಗೆ ಬೆಂಗಳೂರಲ್ಲಿ ಒಬ್ಬರು, ಮಂಡಿಗೆ ಮತ್ತೊಬ್ಬರು. ದಿನಕ್ಕೆ ಹನ್ನೊಂದು ಮಾತ್ರೆ. ನಾನು ಬಂಗಾರಪೇಟೆಯಿಂದ ದಿನಾ ರೈಲಲ್ಲಿ ವೈಟ್‌ಫೀಲ್ಡಿಗೆ ಹೋಗಿಬರುವವನು, ತಿಂಗಳಿಗೆ ಮೂರು ಸಲ ರಜೆ ಹಾಕಲು ಆಗುವುದಿಲ್ಲ. ಇದೆಲ್ಲವನ್ನೂ ಒಬ್ಬರೇ ನೋಡುವ ಹಾಗಿಲ್ಲವೇ? ನಮ್ಮೂರ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಾಕಾಗುತ್ತದೆಯೇ?

ಉತ್ತರ: ಮುಕ್ಕಾಲು ಪಾಲು ಒಬ್ಬರೇ ನೋಡಬಹುದು. ಅವರು ನಿಮ್ಮೂರ ಪಿಎಚ್‌ಸಿ ಡಾಕ್ಟರೇ ಆಗಿದ್ದರೂ ಅಡ್ಡಿಯಿಲ್ಲ. ಉಳಿದ ಕಾಲು ಪಾಲಿಗೆ ದೊಡ್ಡಾಸ್ಪತ್ರೆ ಬೇಕೇ ಬೇಕು. ಎಲ್ಲಿ ಯಾವುದು ಅನ್ನುವುದಕ್ಕೆ ಮೊದಲು ಒಂದು ಚೀಲದ ಕಥೆ ಹೇಳಿಬಿಡುತ್ತೇನೆ.

ನಾನು ಮುಳಬಾಗಿಲು ಕಡೆಯ ಪಿಎಚ್‌ಸಿಯೊಂದರಲ್ಲಿದ್ದಾಗ ಹೆಚ್ಚುಕಡಿಮೆ ನಿಮ್ಮ ತಾಯಿಯ ವಯಸ್ಸಿನವರೊಬ್ಬರು ಬರುತ್ತಿದ್ದರು. ಒಂದು ದಿನ, "ಮುಂದಿನ ಸಲ ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬನ್ನಮ್ಮ, ಮುಗಿದು ಹೋಗಿರೋ ಸ್ಟ್ರಿಪ್ಪೂ ಬಿಡಬೇಡಿ" ಅಂದೆ. ಸೀರೆ ಅಂಗಡಿಯ ಚೀಲದಲ್ಲಿ ತುಂಬಿಕೊಂಡು ಬಂದರು. ಮೇಜಿನ ಮೇಲೆ ಸುರಿದು ವಿಂಗಡಿಸಿದೆವು. ಬಿಪಿಯ ಟೆಲ್ಮಿಸಾರ್ಟನ್ ಎರಡು ಕಂಪನಿಯ ಹೆಸರಲ್ಲಿ ಎರಡು ಸ್ಟ್ರಿಪ್ಪು. ಇಬ್ಬರು ಡಾಕ್ಟರು ಬರೆದದ್ದು, ಇಬ್ಬರದ್ದನ್ನೂ ನುಂಗುತ್ತಿದ್ದರು. ಹೊಟ್ಟೆಯುರಿಯ ಮಾತ್ರೆ ಮೂರು ಬಗೆ. ಕೊನೆಗೆ ಹೆಸರೇ ಹರಿದುಹೋದ ಒಂದು ಸ್ಟ್ರಿಪ್ಪು ಉಳಿಯಿತು. "ಇದು ಯಾರು ಬರೆದಿದ್ದಮ್ಮ?" "ಅದನ್ನ ಯಾರೂ ಬರ್ದಿಲ್ಲ ಡಾಕ್ಟ್ರೇ. ನೋವಿಂದು. ಮೆಡಿಕಲ್ ಸ್ಟೋರ್ ಹುಡುಗ ಕೊಡ್ತಾನೆ, ಬೆಳಿಗ್ಗೆ ಒಂದು ಹಾಕ್ಕೊಂಡ್ರೆ ಹಸು ಹಾಲು ಕರೆಯೋಕಾಗತ್ತೆ."

ಆ ಚೀಲದಲ್ಲಿ ಅತಿ ಅಪಾಯದ್ದು ಅದೇ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪುನೀರು ಹಿಡಿದಿಡುತ್ತವೆ. ಬಿಪಿ ಏರುತ್ತದೆ, ಕಾಲು ಊದುತ್ತದೆ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇವುಗಳ ಜೊತೆಗೆ ನೋವಿನ ಮಾತ್ರೆಯೂ ಸೇರಿದರೆ ಮೂರೂ ಕೂಡಿ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಹನ್ನೆರಡು ವರ್ಷ ಶುಗರ್ ಇರುವವರ ಕಿಡ್ನಿ ಮೊದಲೇ ಸೋತಿರಬಹುದು. ಇನ್ನು ಚೀಟಿಯಲ್ಲಿಲ್ಲದ ಮಾತ್ರೆ ಯಾವ ಡಾಕ್ಟರಿಗೆ ತಾನೇ ಕಾಣಬೇಕು?

ನಿಮ್ಮ ತಾಯಿಯ ಕಾಲೂತಕ್ಕೂ ಇದೇ ಕಾರಣ ಎಂದು ಪತ್ರ ನೋಡಿ ಹೇಳಲಾಗದು. ಹೃದಯ, ಕಿಡ್ನಿ ಸರಿಯಿವೆಯೇ ಎಂದು ಮೊದಲು ನೋಡಬೇಕು. ಆದರೆ ಬಿಪಿಗೆ ಕೊಡುವ ಆಮ್ಲೋಡಿಪಿನ್ ಇದೆಯಲ್ಲ, ಅದೂ ಪಾದ ಊದಿಸುತ್ತದೆ, ಡೋಸು ಹೆಚ್ಚಿದಷ್ಟೂ ಹೆಚ್ಚು. ಊತ ಕಂಡು ಇನ್ನೊಬ್ಬ ಡಾಕ್ಟರು ನೀರಿಳಿಸುವ ಮಾತ್ರೆ ಬರೆಯುತ್ತಾರೆ. ಈ ಬಗೆಯ ಊತಕ್ಕೆ ಅದು ಅಷ್ಟಾಗಿ ನಾಟುವುದೂ ಇಲ್ಲ. ಬದಲಿಗೆ ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುವಂತಾಗುತ್ತದೆ, ಕತ್ತಲಲ್ಲಿ ಎಡವುತ್ತಾರೆ. ಪೊಟ್ಯಾಸಿಯಂ ಇಳಿದು ಮೀನಖಂಡ ಸೆಳೆಯುತ್ತದೆ. ಸೆಳೆತಕ್ಕೆ ಮತ್ತೊಂದು ಮಾತ್ರೆ. ಮಾತ್ರೆಯ ಅಡ್ಡಪರಿಣಾಮವನ್ನೇ ಹೊಸ ಕಾಯಿಲೆ ಎಂದುಕೊಂಡು ಮಾತ್ರೆಯ ಮೇಲೆ ಮಾತ್ರೆ ಪೇರಿಸುವ ಈ ಸರಪಳಿಯ ಬಗ್ಗೆ ಸಂಶೋಧಕರು 1990ರ ದಶಕದಿಂದಲೇ ಎಚ್ಚರಿಸುತ್ತಿದ್ದಾರೆ. ಇಲ್ಲಿ ಯಾವ ಡಾಕ್ಟರೂ ತಪ್ಪು ಮಾಡಿಲ್ಲ, ಅದೇ ಇದರ ತಮಾಷೆ. ಪ್ರತಿಯೊಬ್ಬರೂ ತಮ್ಮ ಅಂಗಕ್ಕೆ ಸರಿಯಾದದ್ದನ್ನೇ ಬರೆದಿದ್ದಾರೆ.

ಅಂಗಾಲು ಜುಮ್ಮೆನ್ನುವುದೂ ಹಾಗೆಯೇ. ಶುಗರ್‌ನಿಂದ ನರ ಕೆಟ್ಟಿರಬಹುದು. ವರ್ಷಗಟ್ಟಲೆ ಶುಗರಿನ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಇದೇ ಜುಮ್ಮು ಬರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ. ನರದ ಮಾತ್ರೆ ಹೆಚ್ಚಿಸುವ ಮೊದಲು ಅದನ್ನು ಕೇಳಿ ಮಾಡಿಸಿ.

ಒಬ್ಬರಲ್ಲೇ ಎರಡೋ ಮೂರೋ ದೀರ್ಘಕಾಲದ ಕಾಯಿಲೆ ಕೂಡಿರುವುದಕ್ಕೆ ವೈದ್ಯರು ಮಲ್ಟಿಮಾರ್ಬಿಡಿಟಿ ಅನ್ನುತ್ತಾರೆ. ನಾವು ಬಹುಕಾಯಿಲೆ ಅಂದುಕೊಳ್ಳೋಣ. ಸ್ಕಾಟ್ಲೆಂಡಿನ ಸುಮಾರು 17.5 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಅವರಲ್ಲಿ ಶೇ. 23ರಷ್ಟು ಮಂದಿಗೆ ಬಹುಕಾಯಿಲೆ ಇತ್ತು. ತೀರಾ ಬಡವರ ಬಡಾವಣೆಗಳಲ್ಲಿ ಅದು ಅನುಕೂಲಸ್ಥರಿಗಿಂತ 10ರಿಂದ 15 ವರ್ಷ ಮೊದಲೇ ಬಂದಿತ್ತು. ನಮ್ಮ ಕಡೆ ಐವತ್ತಕ್ಕೇ ಮುದುಕಿಯಾದೆ ಅನ್ನುವ ಕೂಲಿ ಹೆಂಗಸರನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಷ್ಟು ಜನರಿಗೆ ಹೀಗಿದ್ದರೂ ಚಿಕಿತ್ಸೆಯ ಕೈಪಿಡಿಗಳೆಲ್ಲ ಒಂದೊಂದೇ ಕಾಯಿಲೆಗೆ ಬರೆದವು. 2005ರಲ್ಲಿ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಹಾಕಿದರು. ಬಿಪಿ, ಶುಗರ್, ಮಂಡಿ ಸವೆತ, ಮೂಳೆ ಟೊಳ್ಳು, ಶ್ವಾಸಕೋಶದ ಕಾಯಿಲೆ ಇರುವ 79 ವರ್ಷದ ಅಜ್ಜಿಯೊಬ್ಬಳನ್ನು ಕಲ್ಪಿಸಿಕೊಂಡು, ಐದೂ ಕೈಪಿಡಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ ಏನಾಗುತ್ತದೆಂದು ನೋಡಿದರು. 12 ಬಗೆಯ ಔಷಧಿ, ದಿನಕ್ಕೆ 19 ಡೋಸು. ನಿಮ್ಮ ಮನೆಯ ಹನ್ನೊಂದು ಬಂದದ್ದೂ ಇದೇ ದಾರಿಯಲ್ಲಿ.

ಹಾಗಾದರೆ ಎಲ್ಲವನ್ನೂ ಒಟ್ಟಿಗೆ ನೋಡಿದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲಿ ಉತ್ಪ್ರೇಕ್ಷೆ ಬೇಡ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 33 ಕ್ಲಿನಿಕ್‌ಗಳಲ್ಲಿ 1,546 ಬಹುಕಾಯಿಲೆಯವರ ಮೇಲೆ ನಡೆದ 'ತ್ರೀ ಡಿ' ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಆರು ತಿಂಗಳಿಗೊಮ್ಮೆ ನರ್ಸು, ಫಾರ್ಮಸಿಸ್ಟು, ಡಾಕ್ಟರು ಸೇರಿ ಇಡೀ ಮನುಷ್ಯನನ್ನು ನೋಡುವ ಪದ್ಧತಿ ಅದು. ಮನಸ್ಸಿನ ಕಾಯಿಲೆ ಇದೆಯೇ ಎಂದೂ ವಿಚಾರಿಸುತ್ತಿದ್ದರು. ಜೀವನದ ಗುಣಮಟ್ಟದ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ರೋಗಿಗಳು, ನಮಗೇನು ಮುಖ್ಯವೋ ಅದನ್ನು ಕೇಳಿ ನೋಡಿಕೊಂಡರು ಅಂದರು. ಕೆಲವರಿಗೆ ಇದು ಸೋಲಿನ ಹಾಗೆ ಕಾಣುತ್ತದೆ, ನನಗೆ ಹಾಗನ್ನಿಸುವುದಿಲ್ಲ. ಎಪ್ಪತ್ತರ ಹತ್ತಿರದವರಿಗೆ ಯಾರಾದರೂ ಕೂತು ಕೇಳುವುದೇ ಅರ್ಧ ಔಷಧಿ.

ಅದಕ್ಕಿಂತ ಗಟ್ಟಿಯಾದ ಸುಳಿವು ನಾರ್ವೆಯಿಂದ ಬಂದಿದೆ. 15 ವರ್ಷಕ್ಕೂ ಮೀರಿ ಒಬ್ಬರೇ ಡಾಕ್ಟರ ಬಳಿ ಹೋದವರನ್ನು, ಡಾಕ್ಟರರ ಪರಿಚಯ ಒಂದೇ ವರ್ಷದ್ದಾದವರ ಜೊತೆ ಅಲ್ಲಿ ಹೋಲಿಸಿ ನೋಡಿದರು. ತುರ್ತಾಗಿ ಆಸ್ಪತ್ರೆ ಸೇರುವುದು, ಸಾಯುವುದು ಎರಡೂ ಕಾಲುಭಾಗದಷ್ಟು ಕಡಿಮೆ ಇತ್ತು. ಎಲ್ಲಾ ಒಬ್ಬ ಡಾಕ್ಟರಿಂದಲೇ ಎಂದು ಇದರಿಂದ ಸಾಬೀತಾಗದು. ಆದರೂ ನಮ್ಮಜ್ಜಿಯರು 'ಕೈಗುಣ' ಅನ್ನುತ್ತಿದ್ದುದರಲ್ಲಿ ಅರ್ಧ ಈ ಹಳೇ ಪರಿಚಯವೇ ಇರಬೇಕು.

ಮನಸ್ಸಿನ ವಿಷಯ ನೀವು ಬರೆದಿಲ್ಲ. ಕೇಳಿ ನೋಡಿ. ಮಗ ಬೆಳಗಿನ ರೈಲಿಗೆ ಹೋದರೆ ರಾತ್ರಿಯೇ ಬರುವ ಮನೆಯಲ್ಲಿ 'ಯಾಕೋ ಬೇಜಾರು, ಊಟ ಸೇರಲ್ಲ' ಅನ್ನುವುದು ಖಿನ್ನತೆಯಾಗಿರಬಹುದು. ಖಿನ್ನತೆ ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣದ ನಾಲ್ಕು ಕ್ಲಿನಿಕ್‌ಗಳಲ್ಲಿ ಎರಡೂ ಇದ್ದ 404 ಜನರ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಡಾಕ್ಟರಲ್ಲದ, ತರಬೇತಿ ಪಡೆದ ಒಬ್ಬರು ಫೋನು ಮಾಡಿ ವಿಚಾರಿಸುತ್ತ, ಡಾಕ್ಟರಿಗೆ ವರದಿ ಒಪ್ಪಿಸುತ್ತ ಹೋದರು. ಎರಡು ವರ್ಷದ ಕೊನೆಗೆ ಮನಸ್ಸಿನ ಜೊತೆಗೆ ಶುಗರ್, ಬಿಪಿ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲೇ ಹೆಚ್ಚು.

ಈಗ ನಿಮ್ಮೂರಿನ ಮಾತು. 30 ದಾಟಿದವರನ್ನು ಆಶಾ ಕಾರ್ಯಕರ್ತೆ ಪಟ್ಟಿ ಮಾಡಿ ಬಿಪಿ, ಶುಗರ್ ನೋಡಿಸುವ ವ್ಯವಸ್ಥೆ ಉಪಕೇಂದ್ರದ ಮಟ್ಟದಲ್ಲಿದೆ. ಈಗದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡು ಬಿದ್ದಿದೆ, ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ರಾಜ್ಯದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಪ್ರಯೋಗವಾಗಿ ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಪ್ರತಿ ತಿಂಗಳ ಬಿಪಿ, ಶುಗರ್ ನೋಡಿಸಲು, ಮಾಮೂಲಿ ಮಾತ್ರೆ ತರಲು ಇಷ್ಟು ಸಾಕು, ನೀವು ರಜೆ ಹಾಕಬೇಕಿಲ್ಲ. ಮಾತ್ರೆ ಸ್ಟಾಕ್ ಇಲ್ಲದ ತಿಂಗಳೂ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಅಂಥ ತಿಂಗಳಿಗೆಂದು ಜನೌಷಧಿ ಅಂಗಡಿ ಎಲ್ಲಿದೆ ನೋಡಿಟ್ಟುಕೊಳ್ಳಿ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ) ಈ ರಕ್ತಪರೀಕ್ಷೆಗಳಿಗೆ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಹೋಗಬೇಕಾಗಬಹುದು. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ (ರೆಟಿನಾ) ತೋರಿಸುವುದನ್ನು ಮರೆಯಬೇಡಿ. ನಡೆದರೆ ಎದೆ ಹಿಡಿಯುವುದು, ಮಲಗಿದರೆ ಉಸಿರುಕಟ್ಟುವುದು, ಕ್ರಿಯಾಟಿನಿನ್ ಏರುತ್ತಾ ಹೋಗುವುದು, ಪಾದದಲ್ಲಿ ಗಾಯ ಮಾಯದಿರುವುದು, ಇವು ಕಂಡರೆ ಪಿಎಚ್‌ಸಿಯಲ್ಲಿ ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಿ.

ಮಂಡಿಯ ಬಗ್ಗೆ ನಮ್ಮ ಜಿಲ್ಲೆಗೇ ಸೇರಿದ ಒಂದು ಮಾತಿದೆ. ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಇಲ್ಲಿ ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಿಗೆ ಮೂಳೆ, ಕೀಲು ಬಿಗಿಯುತ್ತದೆ. ಕಿಡ್ನಿ ಸೋತಿದ್ದರೆ ಫ್ಲೋರೈಡ್ ಹೊರಹೋಗುವುದೂ ನಿಧಾನ. ಅಮ್ಮ ಕುಡಿಯುವುದು ಯಾವ ನೀರು ಎಂದು ಮಂಡಿಯ ಡಾಕ್ಟರು ಕೇಳಿದ್ದರೇ?

ಮೂವರು ಡಾಕ್ಟರನ್ನೂ ಇವತ್ತೇ ಬಿಟ್ಟುಬಿಡಿ ಅನ್ನುತ್ತಿಲ್ಲ, ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಒಂದೇ ಒಂದು ರಜೆ ಹಾಕಿ. ಚೀಲ ತುಂಬಿಕೊಂಡು, ಮೂವರ ಚೀಟಿಗಳನ್ನೂ ಇಟ್ಟುಕೊಂಡು, ಒಬ್ಬರ ಮುಂದೆ ಸುರಿಯಿರಿ. ಪ್ರತಿ ಸ್ಟ್ರಿಪ್ಪಿಗೂ 'ಇದು ಯಾವುದಕ್ಕೆ, ಇನ್ನೂ ಬೇಕೇ' ಎಂದು ಕೇಳಿ. ಅಮ್ಮ ಶನಿವಾರ ಒಪ್ಪತ್ತು ಮಾಡುವವರಾದರೆ ಅದನ್ನೂ ಹೇಳಿ. ಶುಗರಿನ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಪಾತಾಳಕ್ಕಿಳಿದು ಬೆವರಿ ಕುಸಿಯುತ್ತಾರೆ. ಈ ವಯಸ್ಸಿನಲ್ಲಿ, ಇಷ್ಟು ಕಾಯಿಲೆ ಇರುವಾಗ, ಮೂರು ತಿಂಗಳ ಸರಾಸರಿ ಶುಗರ್ ಶೇ. 7ರೊಳಗೇ ಇರಬೇಕೆಂಬ ಹಟ ಬೇಡ, 8ರ ಆಸುಪಾಸು ಇದ್ದರೂ ಸರಿ ಎಂದು ಡಾಕ್ಟರೇ ಹೇಳಿಯಾರು.

ಇನ್ನೊಂದು. ರಕ್ತಪರೀಕ್ಷೆಗೆ ಖಾಲಿಹೊಟ್ಟೆಯಲ್ಲಿ ಬನ್ನಿ ಅಂದರೆ ನಮ್ಮವರು ಬಿಪಿ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ಬಸ್ಸಿಗೆ ಓಡಿ, ಕ್ಯೂನಲ್ಲಿ ನಿಂತು, ಮಾತ್ರೆಯಿಲ್ಲದೆ ಬಿಪಿ ನೋಡಿಸಿದರೆ 170 ತೋರಿಸುತ್ತದೆ, ಡಾಕ್ಟರು ಹನ್ನೆರಡನೆಯ ಮಾತ್ರೆ ಬರೆಯುತ್ತಾರೆ. ಡಾಕ್ಟರು ಬೇಡ ಅನ್ನದಿದ್ದರೆ ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿಯೇ ಹೊರಡಲಿ. ಶುಗರ್ ಮಾತ್ರೆ ಮಾತ್ರ ಚೀಲದಲ್ಲಿರಲಿ, ರಕ್ತ ಕೊಟ್ಟು ತಿಂಡಿ ಮುಂದೆ ಬಂದಮೇಲೆ ಅದು.