ಹಸಿರು ತ್ರಿಕೋನ ಹೇಳದ ಮಾತು

ಬಿತ್ತನೆ ಸಮಯಕ್ಕೆ ಊರಿಗೆ ಹೋಗಿದ್ದೆ. ನಡುಮನೆಯಲ್ಲಿ ಗೋಣಿತಾಟಿನ ಮೇಲೆ ಕಡಲೆಕಾಯಿ ಬೀಜ ಹರಡಿತ್ತು. ತಮ್ಮನ ಹೆಂಡತಿ ಕೈಯಲ್ಲಿ ಪೊಟ್ಟಣ ಹಿಡಿದು ನಿಂತಿದ್ದಳು. ಬೀಜಕ್ಕೆ ಬೂಷ್ಟು ಹಿಡಿಯದಿರಲಿ ಎಂದು ಹಚ್ಚುವ ಕಾರ್ಬೆಂಡಜಿಮ್ ಪುಡಿ. ಅವಳಿಗೆ ಆಗ ಎರಡೂವರೆ ತಿಂಗಳು.

"ಅಕ್ಕ, ಇದು ಹಸಿರು ಗುರುತಿಂದು, ಕೆಂಪಲ್ಲ. ಕೈಯಲ್ಲೇ ಕಲಸಿದ್ರೆ ಏನೂ ಆಗಲ್ಲ ಅಲ್ವಾ?"

"ಬೇಡಮ್ಮ, ನೀನು ಅದನ್ನ ಮುಟ್ಟಲೇಬೇಡ" ಎಂದೆ. ಅವಳ ಮುಖದಲ್ಲಿ ಗಾಬರಿ ಕಂಡಿತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸವೇ ಇದು. ಒಂದು ರಾಸಾಯನಿಕದಿಂದ ಬಸಿರಿಗೆ, ಸಂತಾನಶಕ್ತಿಗೆ ತೊಂದರೆ ಆಗುತ್ತದೆಯೇ ಎಂದು ಇಲಿ, ಮೊಲಗಳಲ್ಲಿ ನೋಡುವುದು. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಆದರೂ ನಮ್ಮ ಮನೆಯಲ್ಲೇ ಈ ಮಾತು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಬಣ್ಣದ ವಿಷಯ. ನಮ್ಮ ದೇಶದಲ್ಲಿ ಮಾರುವ ಪ್ರತಿ ಕೀಟನಾಶಕ, ಶಿಲೀಂಧ್ರನಾಶಕದ ಮೇಲೂ ಮೂಲೆ ಮೇಲೆ ನಿಲ್ಲಿಸಿದ ಚೌಕದಂಥ ಒಂದು ಗುರುತಿರುತ್ತದೆ. ಅದರ ಕೆಳಗಿನ ಅರ್ಧ, ಅಂದರೆ ನಾವು ತ್ರಿಕೋನ ಎನ್ನುವ ಭಾಗ, ಕೆಂಪು, ಹಳದಿ, ನೀಲಿ ಅಥವಾ ಹಸಿರು. 1971ರ ಕೀಟನಾಶಕ ನಿಯಮಗಳಲ್ಲಿ ಇದರ ಲೆಕ್ಕವಿದೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಬೇಕು ಎನ್ನುವುದೇ ಆ ಲೆಕ್ಕ. ಬಾಯಿಂದ ಹೋದರೆ ಪ್ರತಿ ಕಿಲೋ ತೂಕಕ್ಕೆ 50 ಮಿಲಿಗ್ರಾಂ ಒಳಗೆ ಸಾಕು ಎಂದಾದರೆ ಕೆಂಪು. 500ರವರೆಗೆ ಹಳದಿ, 5000ದವರೆಗೆ ನೀಲಿ. ಅದಕ್ಕಿಂತ ಜಾಸ್ತಿ ಬೇಕಾದರೆ ಹಸಿರು. ಚರ್ಮದ ಮೂಲಕ ಹೋದರೆ ಎಷ್ಟು ಎನ್ನುವುದಕ್ಕೂ ಇಂಥದ್ದೇ ಲೆಕ್ಕವಿದೆ.

ಅಂದರೆ ಆ ತ್ರಿಕೋನ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಇದು ಒಮ್ಮೆ ಒಳಗೆ ಹೋದರೆ ಸಾವು ಬರುತ್ತದೆಯೇ? ಬಸಿರಿನ ಬಗ್ಗೆ ಅದು ಒಂದಕ್ಷರವೂ ಹೇಳುವುದಿಲ್ಲ. ಹೇಳಲಿ ಎಂದು ಅದನ್ನು ಮಾಡಿಯೂ ಇಲ್ಲ.

ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡದ್ದರಿಂದ ಜಗತ್ತು ಒಮ್ಮೆ ದೊಡ್ಡ ಬೆಲೆ ತೆತ್ತಿದೆ. ಥಾಲಿಡೊಮೈಡ್ ಮಾತ್ರೆ ಪಶ್ಚಿಮ ಜರ್ಮನಿಯಲ್ಲಿ 1957ರ ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ಬಂತು. ನಿದ್ದೆಗೆ, ಆಮೇಲೆ ಬಸುರಿಯರ ವಾಂತಿಗೂ ಕೊಟ್ಟರು. ಇಲಿಗಳಿಗೆ ಎಷ್ಟು ತಿನ್ನಿಸಿದರೂ ಸಾಯುವುದಿಲ್ಲ ಎನ್ನುವುದೇ ಅದರ ಹೆಗ್ಗಳಿಕೆಯಾಗಿತ್ತು. ಇವತ್ತಿನ ನಮ್ಮ ಲೆಕ್ಕದಲ್ಲಿ ಅದಕ್ಕೂ ಹಸಿರೇ ಸಿಗುತ್ತಿತ್ತು. 1961ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಕೈಕಾಲು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟಿಯಾಗಿತ್ತು. ಸುಮಾರು 10,000 ಮಕ್ಕಳು ಎಂಬ ಅಂದಾಜಿದೆ. ಮರುವರ್ಷ ಬಸುರಿ ಮೊಲಗಳಿಗೆ ಕೊಟ್ಟು ನೋಡಿದಾಗ ಮರಿಗಳಲ್ಲಿ ಅಂಥದ್ದೇ ಊನ ಕಂಡಿತು. ಇಲಿಯಲ್ಲಿ ಮಾತ್ರ ಅಷ್ಟು ಸುಲಭವಾಗಿ ಕಾಣಲಿಲ್ಲ. ಇವತ್ತಿಗೂ ನಾವು ಇಲಿಯ ಜೊತೆ ಮೊಲದಲ್ಲೂ ನೋಡುವುದು ಆ ಪಾಠದಿಂದಲೇ.

ಈಗ ನಮ್ಮ ಕೋಣೆಯೊಳಗೆ ಬನ್ನಿ. ಹಲವು ದೇಶಗಳು ಸೇರಿಕೊಂಡಿರುವ ಒಇಸಿಡಿ ಎಂಬ ಸಂಸ್ಥೆಯ 414ನೇ ಮಾರ್ಗಸೂಚಿ ಎಂದು ಒಂದಿದೆ. ಬಸಿರಲ್ಲಿರುವ ಮರಿಗೆ ಆಗುವ ಹಾನಿಯನ್ನು ನೋಡುವ ಪರೀಕ್ಷೆ. ಸಂಜೆ ಒಂದು ಹೆಣ್ಣಿಲಿ, ಒಂದು ಗಂಡಿಲಿಯನ್ನು ಒಂದು ಪಂಜರದಲ್ಲಿ ಬಿಡುತ್ತೇವೆ. ಬೆಳಗ್ಗೆ ಹೆಣ್ಣಿಲಿಯ ಯೋನಿಯಿಂದ ಡ್ರಾಪರ್‌ನಲ್ಲಿ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿ ನೋಡುತ್ತೇವೆ. ಇಲಿಯ ವೀರ್ಯಾಣುವಿನ ತಲೆ ಕುಡುಗೋಲಿನ ಹಾಗೆ ಬಾಗಿರುತ್ತದೆ. ಅದು ಕಂಡರೆ ಆ ದಿನ ಸೊನ್ನೆಯನೇ ದಿನ. ಅಲ್ಲಿಂದ ಇಪ್ಪತ್ತೊಂದು, ಇಪ್ಪತ್ತೆರಡು ದಿನಕ್ಕೆ ಇಲಿ ಮರಿ ಹಾಕುತ್ತದೆ. ನಮಗೆ ಒಂಬತ್ತು ತಿಂಗಳಲ್ಲಿ ಆಗುವುದೆಲ್ಲ ಅದಕ್ಕೆ ಮೂರು ವಾರದಲ್ಲಿ ಆಗಬೇಕು. ಹಾಗಾಗಿ ಒಂದು ದಿನ ತಪ್ಪಿದರೂ ಇಡೀ ಲೆಕ್ಕ ತಪ್ಪುತ್ತದೆ.

ನಾಲ್ಕು ಗುಂಪು. ಒಂದಕ್ಕೆ ಬರೀ ಎಣ್ಣೆ ಅಥವಾ ನೀರಿನಂಥ ದ್ರವ, ಉಳಿದ ಮೂರಕ್ಕೆ ಕಡಿಮೆ, ಮಧ್ಯಮ, ಜಾಸ್ತಿ ಪ್ರಮಾಣದ ರಾಸಾಯನಿಕ. ಪ್ರತಿ ಗುಂಪಿನಲ್ಲೂ ಸುಮಾರು ಇಪ್ಪತ್ತು ಬಸುರಿ ಇಲಿಗಳಾದರೂ ಇರಬೇಕು. ತುದಿಯಲ್ಲಿ ಗುಂಡಗಿರುವ ಸೂಜಿಯಿಂದ ದಿನಾ ಬಾಯಿಯ ಮೂಲಕ ಹೊಟ್ಟೆಗೆ ಹಾಕುತ್ತೇವೆ, ದಿನಾ ತೂಕ ನೋಡುತ್ತೇವೆ. ಇಪ್ಪತ್ತನೇ ದಿನ ಇಲಿಗೆ ನೋವಾಗದ ಹಾಗೆ ಪ್ರಾಣ ತೆಗೆದು ಹೊಟ್ಟೆ ತೆರೆಯುತ್ತೇವೆ.

ಇಲಿಯ ಗರ್ಭಕೋಶಕ್ಕೆ ಎರಡು ಕವಲು. ಎರಡರಲ್ಲೂ ಮರಿಗಳು ಅವರೆಕಾಯಿಯ ಕಾಳಿನ ಹಾಗೆ ಸಾಲಾಗಿ ಕೂತಿರುತ್ತವೆ. ನೋಡುವವರ ಕಣ್ಣು ಮೊದಲು ಮರಿಗಳ ಮೇಲೆ ಹೋಗುತ್ತದೆ. ನಮ್ಮ ಕಣ್ಣು ಮರಿ ಇಲ್ಲದ ಜಾಗಕ್ಕೆ ಹೋಗಬೇಕು. ಅಂಡಾಶಯದ ಮೇಲೆ ಹಳದಿ ಗಂಟುಗಳಿರುತ್ತವೆ, ಒಂದೊಂದೂ ಬಿಡುಗಡೆಯಾದ ಒಂದೊಂದು ಅಂಡದ ಗುರುತು. ಅವು ಹದಿನಾಲ್ಕಿದ್ದು, ಗರ್ಭಕೋಶದಲ್ಲಿ ಹದಿಮೂರು ಕಡೆ ಭ್ರೂಣ ಅಂಟಿದ ಗುರುತಿದ್ದು, ಬದುಕಿರುವ ಮರಿ ಹನ್ನೊಂದೇ ಆದರೆ, ಉಳಿದವು ಎಲ್ಲಿ ಹೋದವು? ಮನೆ ಖರ್ಚಿನ ಲೆಕ್ಕದ ಹಾಗೆ ಇದೂ ತಾಳೆಯಾಗಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಇಲಿಯ ಗರ್ಭಕೋಶ ಪೂರ್ತಿ ಖಾಲಿ ಕಂಡಿತು. ಜಾಸ್ತಿ ಪ್ರಮಾಣದ ಗುಂಪಿನದು. "ಬಸುರಿಯಾಗಿಲ್ಲ" ಎಂದು ಬರೆಯಲು ಪೆನ್ನು ಎತ್ತಿದ್ದೆ. ಪಕ್ಕದಲ್ಲಿದ್ದ ನಮ್ಮ ಹಿರಿಯರು "ತಾಳಮ್ಮ, ಈಗಲೇ ಬರೀಬೇಡ" ಎಂದರು. ಆ ಗರ್ಭಕೋಶವನ್ನು ಅಮೋನಿಯಂ ಸಲ್ಫೈಡ್ ದ್ರಾವಣಕ್ಕೆ ಹಾಕಿದರು. ಕೊಳೆತ ಮೊಟ್ಟೆಯ ವಾಸನೆ, ಮೂಗು ಮುಚ್ಚಿಕೊಳ್ಳಬೇಕು. ಕೆಲವು ನಿಮಿಷ ಕಾದೆವು. ಖಾಲಿ ಎಂದುಕೊಂಡಿದ್ದ ಆ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಒಂದೊಂದಾಗಿ ಮೂಡಿದವು. ಎಣಿಸಿದೆವು, ಹನ್ನೆರಡು. ಆ ಇಲಿ ಬಸುರಿಯಾಗಿತ್ತು. ಹನ್ನೆರಡು ಭ್ರೂಣಗಳು ಅಂಟಿ, ಶುರುವಿನಲ್ಲೇ ಹೋಗಿದ್ದವು. ನಾನು ಬರೆಯಲು ಹೊರಟಿದ್ದು ಬರೆದಿದ್ದರೆ ಆ ಇಲಿ ಲೆಕ್ಕದಿಂದಲೇ ಹೊರಗೆ ಹೋಗುತ್ತಿತ್ತು. ರಾಸಾಯನಿಕ ಮಾಡಿದ ಅತಿ ದೊಡ್ಡ ಹಾನಿ ವರದಿಯಲ್ಲಿ ಇರುತ್ತಲೇ ಇರಲಿಲ್ಲ. ಇವತ್ತು ಹೊಸ ಹುಡುಗ ಹುಡುಗಿಯರಿಗೆ ಕಲಿಸುವಾಗ ನಾನು ಮೊದಲು ತೋರಿಸುವುದು ಆ ಕಪ್ಪು ಚುಕ್ಕೆಗಳನ್ನೇ.

ಬದುಕಿರುವ ಮರಿಗಳ ತೂಕ ಒಂದೊಂದೂ ಮೂರೂವರೆ, ನಾಲ್ಕು ಗ್ರಾಂ. ಅಂಗುಳು ಸೇರಿದೆಯೇ, ಬೆರಳು ಸರಿ ಇವೆಯೇ, ಬಾಲ ನೆಟ್ಟಗಿದೆಯೇ ಎಂದು ನೋಡುತ್ತೇವೆ. ಅರ್ಧ ಮರಿಗಳಲ್ಲಿ ಒಳಗಿನ ಅಂಗ, ಉಳಿದರ್ಧದಲ್ಲಿ ಎಲುಬು. ಎಲುಬು ನೋಡುವ ವಿಧಾನ ನನಗೆ ಇವತ್ತಿಗೂ ಬೆರಗು. ಕ್ಷಾರದ ದ್ರಾವಣದಲ್ಲಿಟ್ಟಾಗ ಮಾಂಸ ಗಾಜಿನ ಹಾಗೆ ತಿಳಿಯಾಗುತ್ತದೆ. ಅಲಿಜರಿನ್ ಬಣ್ಣ ಹಾಕಿದರೆ ಎಲುಬು ಮಾತ್ರ ನೇರಳೆಗೆಂಪಾಗಿ ಉಳಿಯುತ್ತದೆ. ಹೊಲಿಗೆ ದಾರಕ್ಕಿಂತ ಸಣ್ಣ ಪಕ್ಕೆಲುಬನ್ನೂ ಎಣಿಸಬಹುದು. ಹದಿಮೂರು ಜೊತೆ ಇರಬೇಕು. ಕೆಲವೊಮ್ಮೆ ಹದಿನಾಲ್ಕನೆಯದರ ಮೊಳಕೆ ಇರುತ್ತದೆ, ಕೆಲವೊಮ್ಮೆ ಪಕ್ಕೆಲುಬು ಅಲೆಯಾಗಿರುತ್ತದೆ. ಇವು ಏನೂ ಕೊಡದ ಗುಂಪಿನಲ್ಲೂ ಆಗಾಗ ಬರುತ್ತವೆ, ಹುಟ್ಟಿದ ಮೇಲೆ ಎಷ್ಟೋ ಸಲ ಸರಿಹೋಗುತ್ತವೆ. ಊನ ಯಾವುದು, ಸುಮ್ನೆ ಒಂದು ವ್ಯತ್ಯಾಸ ಯಾವುದು ಎಂದು ಬೇರೆ ಮಾಡುವುದರಲ್ಲೇ ಈ ಕೆಲಸದ ಅನುಭವ ಇರುವುದು.

ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಪತ್ರಿಕೆಯಲ್ಲಿ ಇಂಥ ಅಧ್ಯಯನ ಓದುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. "ಹತ್ತು ಮರಿಗಳಲ್ಲಿ ಊನ" ಎಂದರೆ ನಾನು ಕೇಳುವುದು, ಎಷ್ಟು ತಾಯಂದಿರ ಮರಿಗಳು? ಹತ್ತೂ ಒಂದೇ ತಾಯಿಯವಾದರೆ ದೋಷ ಆ ತಾಯಿಯಲ್ಲೇ ಇರಬಹುದು. ಹತ್ತು ತಾಯಂದಿರ ಒಂದೊಂದು ಮರಿಯಾದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಹಾಗೆಯೇ ತಾಯಿ ಊಟ ಬಿಟ್ಟು ಸೊರಗಿದ್ದರೆ ಮರಿ ಸಣ್ಣದಾಗುವುದು ಸಹಜ. ತಾಯಿ ಚೆನ್ನಾಗಿದ್ದು ಮರಿಗೆ ಮಾತ್ರ ಪೆಟ್ಟು ಬಿದ್ದಿದ್ದರೆ ಅದು ಬೇರೆಯೇ ಸುದ್ದಿ.

ಕಾರ್ಬೆಂಡಜಿಮ್‌ನ ಸುದ್ದಿ ಅಂಥದ್ದು. ಇಲಿಯನ್ನು ಸಾಯಿಸಲು ಪ್ರತಿ ಕಿಲೋ ತೂಕಕ್ಕೆ 10,000 ಮಿಲಿಗ್ರಾಂ ಕೊಟ್ಟರೂ ಸಾಲದು. ಆದರೆ ಬಸುರಿ ಇಲಿಗಳಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಕೊಟ್ಟಾಗ ತಾಯಿಗೆ ಏನೂ ಆಗದಿದ್ದರೂ ಮರಿಗಳ ತೂಕ ಇಳಿದಿತ್ತು. 90ರಲ್ಲಿ ಮಿದುಳಲ್ಲಿ ನೀರು ತುಂಬಿದ, ಕಣ್ಣು ಸಣ್ಣದಾದ, ಬೆನ್ನೆಲುಬು ಕೆಟ್ಟ ಮರಿಗಳು ಕಂಡವು. 10ರಲ್ಲಿ ಏನೂ ಕಾಣಲಿಲ್ಲ. ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ಜೀವಕೋಶ ಎರಡಾಗುವಾಗ ಒಳಗೆ ಎಳೆಗಳ ಒಂದು ಚೌಕಟ್ಟು ಕಟ್ಟಿಕೊಳ್ಳುತ್ತದೆ. ಕಾರ್ಬೆಂಡಜಿಮ್ ಆ ಎಳೆ ಕಟ್ಟಲು ಬಿಡುವುದಿಲ್ಲ, ಬೂಷ್ಟು ಬೆಳೆಯದಿರುವುದು ಅದಕ್ಕೇ. ಬಸಿರಲ್ಲಿ ನಡೆಯುವುದೆಲ್ಲ ಕೋಶಗಳು ಎರಡಾಗುವ ಕೆಲಸವೇ ಅಲ್ವಾ?

ಆ 10ನ್ನು 100ರಿಂದ ಭಾಗಿಸುತ್ತಾರೆ. ಇಲಿಗಿಂತ ಮನುಷ್ಯ ಹತ್ತು ಪಟ್ಟು ಸೂಕ್ಷ್ಮ ಇರಬಹುದು, ಮನುಷ್ಯರಲ್ಲೂ ಕೆಲವರು ಇನ್ನೂ ಹತ್ತು ಪಟ್ಟು ಸೂಕ್ಷ್ಮ ಇರಬಹುದು ಎಂಬ ಎಚ್ಚರಿಕೆ. ಹಾಗೆ ಬಂದ 0.1 ಮಿಲಿಗ್ರಾಂ ಅನ್ನು, ಹೆರುವ ವಯಸ್ಸಿನ ಹೆಂಗಸರು ಒಂದು ದಿನದಲ್ಲಿ ಪ್ರತಿ ಕಿಲೋ ತೂಕಕ್ಕೆ ಆಹಾರದ ಮೂಲಕ ಮೀರಬಾರದ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯಾದ ಎಫ್‌ಎಒದ ಜಂಟಿ ತಜ್ಞರು 2005ರಲ್ಲಿ ಇಟ್ಟರು. ಉಳಿದವರಿಗೆ 0.5. ಯುರೋಪಿನಲ್ಲಿ ಇದನ್ನು ಸಂತಾನಶಕ್ತಿಗೂ ಗರ್ಭದ ಮಗುವಿಗೂ ಹಾನಿ ಮಾಡಬಹುದಾದ ವಸ್ತು ಎಂದು ವರ್ಗ ಮಾಡಿದ್ದಾರೆ. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಟಾಗ ಅದರಲ್ಲಿ ಇದರ ಹೆಸರೂ ಇತ್ತು. ಇದೆಲ್ಲ ಇಲಿಯಲ್ಲಿ ಕಂಡದ್ದು. ಪುಡಿ ಮುಟ್ಟಿದ ಪ್ರತಿ ಬಸುರಿಗೂ ಹೀಗಾಗುತ್ತದೆ ಎಂದು ಅರ್ಥವಲ್ಲ. ಮುಟ್ಟಿಯಾಗಿದೆ ಎನ್ನುವವರು ಹೆದರಿ ಕೂರದೆ ಡಾಕ್ಟರಿಗೆ ಹೇಳಿ, ಸ್ಕ್ಯಾನ್ ತಪ್ಪಿಸಬೇಡಿ. ಇನ್ನೂ ಮುಟ್ಟಿಲ್ಲದವರು ಮುಟ್ಟಬೇಡಿ.

ಇಷ್ಟು ತಿಳಿಯಲು ಎಷ್ಟು ಜೀವ ಹೋಯಿತು ಎಂದು ನೀವು ಕೇಳಬೇಕು, ಕೇಳುವುದು ಸರಿ. ಎರಡು ತಲೆಮಾರು ನೋಡುವ ಹಳೆಯ ಪರೀಕ್ಷೆಗೆ ಮರಿಗಳೂ ಸೇರಿ ಸುಮಾರು 2,600 ಇಲಿಗಳು ಬೇಕಾಗುತ್ತಿದ್ದವು. 2011ರಲ್ಲಿ ಬಂದ ಒಇಸಿಡಿಯ 443ನೇ ಮಾರ್ಗಸೂಚಿಯಲ್ಲಿ ಎರಡನೇ ತಲೆಮಾರಿನ ಮರಿಗಳು ಬೇಕೇ ಬೇಕು ಎಂದಿಲ್ಲ. ಹಾಗಾಗಿ ಸಂಖ್ಯೆ ಸುಮಾರು 1,400ಕ್ಕೆ ಇಳಿಯುತ್ತದೆ. ಮೀನಿನ ಭ್ರೂಣ, ಕಾಂಡಕೋಶಗಳಲ್ಲಿ ಮೊದಲು ಜರಡಿ ಹಿಡಿಯುವ ವಿಧಾನಗಳು ಬಂದಿವೆ, ಅವು ಇನ್ನೂ ಬೆಳೆಯಬೇಕು ಎಂದು ನಾನು ಮನಸ್ಸಿನಿಂದ ಬಯಸುತ್ತೇನೆ. ಆದರೆ ತಾಯಿ, ಮಾಸು, ಮರಿ ಮೂರೂ ಸೇರಿ ನಡೆಯುವುದನ್ನು ಗಾಜಿನ ತಟ್ಟೆಯಲ್ಲಿ ಪೂರ್ತಿ ನೋಡಲು ಇನ್ನೂ ಆಗಿಲ್ಲ. ನೈತಿಕ ಸಮಿತಿಯ ಮುಂದೆ ಒಂದೊಂದು ಇಲಿಗೂ ಕಾರಣ ಕೊಟ್ಟೇ ನಾವು ಶುರು ಮಾಡುವುದು. ಹಾಗೆ ಪಡೆದ ಉತ್ತರ ಫೈಲಿನಲ್ಲಿ ಉಳಿದರೆ ನನಗೆ ಸಹಿಸಲು ಆಗುವುದಿಲ್ಲ.

ಹಾಗೆ ಉಳಿದದ್ದಿದೆ. ಬೇರಿನ ಜಂತುಹುಳುವಿಗೆ ಹಾಕುವ ಡಿಬಿಸಿಪಿ ಎಂಬ ಔಷಧಿಯಿಂದ ಗಂಡಿಲಿ, ಮೊಲ, ಗಿನಿಪಿಗ್‌ಗಳ ವೃಷಣ ಸೊರಗುತ್ತದೆ ಎಂದು 1961ರಲ್ಲೇ ಅಮೆರಿಕದಲ್ಲಿ ಪ್ರಕಟವಾಗಿತ್ತು. ಹದಿನಾರು ವರ್ಷ ಅದರ ತಯಾರಿಕೆ ನಡೆದೇ ಇತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್‌ನ ಕಾರ್ಖಾನೆಯಲ್ಲಿ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡರು: ಇಲ್ಲಿ ಸೇರಿದ ಮೇಲೆ ನಮಗೆ ಯಾಕೆ ಮಕ್ಕಳಾಗುತ್ತಿಲ್ಲ? ಪರೀಕ್ಷೆ ಮಾಡಿಸಿದಾಗ ಹಲವರಲ್ಲಿ ವೀರ್ಯಾಣು ಇರಲೇ ಇಲ್ಲ. ಇಲಿಗಳು ಹೇಳಿದ್ದನ್ನು ಆ ಗಂಡಸರು ತಮ್ಮ ಮೈಯಲ್ಲಿ ತಿಳಿದುಕೊಳ್ಳಬೇಕಾಯಿತು.

ಅವತ್ತು ಊರಿನಲ್ಲಿ ತಮ್ಮ ಪೊಟ್ಟಣ ಇಸಿದುಕೊಂಡು, "ಸರಿ ಬಿಡು, ನಾನೇ ಕಲಸ್ತೀನಿ. ಗಂಡಸರಿಗೇನು ಆಗುತ್ತೆ?" ಎಂದ. ಗಂಡಿಲಿಗಳಲ್ಲಿ ಕಾರ್ಬೆಂಡಜಿಮ್ ಬಲಿಯದ ವೀರ್ಯಕೋಶಗಳನ್ನು ಕಳಚಿ ಬೀಳಿಸುತ್ತದೆ, ಅವು ಹೋಗುವ ನಾಳ ಕಟ್ಟಿಕೊಳ್ಳುತ್ತದೆ ಎಂದು ಹೇಳಿದೆ. ಸುಮ್ಮನಾದ. ಪೇಟೆಗೆ ಹೋಗಿ ರಬ್ಬರ್ ಕೈಗವಸು, ಮಾಸ್ಕ್ ತಂದ. ಬೀಜವನ್ನು ಹಿತ್ತಲಿಗೆ ಒಯ್ದು ಹಳೆ ಡ್ರಮ್ಮಿನಲ್ಲಿ ಹಾಕಿ ಉರುಳಿಸಿ ಕಲಸಿದ. ಕೆಲಸ ಮುಗಿಸಿ ಅಂಗಿ ಬಿಚ್ಚಿ ಎಂದಿನಂತೆ ಬಟ್ಟೆ ಬುಟ್ಟಿಗೆ ಎಸೆಯಲು ಹೊರಟ.

"ಅದನ್ನ ಯಾರು ಒಗೀತಾರೆ?" ಎಂದು ಕೇಳಿದೆ.

ಹೆಂಡತಿಯ ಮುಖ ನೋಡಿದ. ಆಮೇಲೆ ತಾನೇ ಬಕೆಟ್ ತಗೊಂಡು ಹೊರಗಿನ ನಲ್ಲಿ ಹತ್ತಿರ ಹೋದ.